ಅಮ್ಮನನ್ನು ಬಹರೈನ್‌ಗೆ ಕಳಿಸಿದ್ದು: ಪಾಸ್‌ಪೋರ್ಟಿನಿಂದ ಹಿಡಿದು ವಾಪಸ್ ಬರುವವರೆಗೆ

ಅಮ್ಮ ಮೊನ್ನೆ ಬಹರೈನ್‌ನಿಂದ ವಾಪಸ್ ಬಂದರು. ವಯಸ್ಸು ಅರವತ್ತು ದಾಟಿದೆ, ಊರು ತಿಪಟೂರು. ಅಲ್ಲಿಯವರೆಗೆ ವಿಮಾನ ಹತ್ತಿದವರಲ್ಲ, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಅವರನ್ನು ಒಬ್ಬರನ್ನೇ ಕಳಿಸಬೇಕಾಗಿತ್ತು. ಇದಕ್ಕೆಲ್ಲ ಓಡಾಡುವಾಗ ಕನ್ನಡದಲ್ಲಿ ಯಾರಾದರೂ ಪೂರ್ತಿ ಬರೆದಿದ್ದಾರಾ ಅಂತ ತುಂಬಾ ಹುಡುಕಿದೆ, ಸಿಗಲಿಲ್ಲ. ಅದಕ್ಕೆ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇದು 2025ರ ಮೊದಲ ಏಳು ತಿಂಗಳಲ್ಲಿ ನಡೆದದ್ದು. ಶುಲ್ಕ, ನಿಯಮಗಳು ಬದಲಾಗುತ್ತಿರುತ್ತವೆ, ನೀವು ಹೊರಡುವ ಹೊತ್ತಿಗೆ ಇನ್ನೊಮ್ಮೆ ನೋಡಿಕೊಳ್ಳಿ.

ತಂಗಿ ಇರುವುದು ಬಹರೈನ್‌ನ ರಿಫಾದಲ್ಲಿ. ಏಪ್ರಿಲ್‌ನಲ್ಲಿ ಅವಳಿಗೆ ಹೆರಿಗೆ ಇತ್ತು. ಬಾಣಂತನಕ್ಕೆ ಮೊದಲು ಅವಳ ಅತ್ತೆ ಹೋಗುವುದು, ಜೂನ್ ಕೊನೆಗೆ ಅವರು ಹೊರಟ ಮೇಲೆ ಅಮ್ಮ ಒಂದು ತಿಂಗಳು ಇದ್ದು ಬರುವುದು ಅಂತ ಮಾತಾಗಿತ್ತು. ಅಮ್ಮನ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ. ಹಾಗಾಗಿ ಜನವರಿಯಲ್ಲೇ ಶುರು ಮಾಡಿದೆವು.

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಹೆಸರು. ನಮ್ಮ ಕಡೆ ಹೆಂಗಸರಿಗೆ ಒಂದೇ ಹೆಸರು, ಹಿಂದೆಯೋ ಮುಂದೆಯೋ ಇನಿಷಿಯಲ್. ಅಮ್ಮನ ಆಧಾರ್‌ನಲ್ಲಿ ಎರಡು ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದು, ವೋಟರ್ ಕಾರ್ಡಿನಲ್ಲಿ ಅದೂ ಇಲ್ಲ. ಇಂಗ್ಲಿಷ್ ಕಾಗುಣಿತವಂತೂ ಒಂದೊಂದು ಕಡೆ ಒಂದೊಂದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ತೆಗೆದುಕೊಳ್ಳುವುದಿಲ್ಲ, ಬಿಡಿಸಿಯೇ ಬರೆಯಬೇಕು. ಸರ್‌ನೇಮ್ ಜಾಗವನ್ನು ಖಾಲಿ ಬಿಡಬಹುದು, ಎಷ್ಟೋ ಜನ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಎಮಿರೇಟ್ಸ್ ದೇಶದವರು 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದಿಲ್ಲ ಅಂದಾಗ ಎಷ್ಟು ಜನ ಪರದಾಡಿದರು ಅಂತ ನೆನಪಿರಬಹುದು. ಬಹರೈನ್ ಬೇರೆ ದೇಶ, ಸರಿ. ಆದರೆ ವಿಮಾನದ ಟಿಕೆಟ್ ಬುಕ್ ಮಾಡುವಾಗಲೂ ಲಾಸ್ಟ್ ನೇಮ್ ಇಲ್ಲದೆ ಪುಟ ಮುಂದಕ್ಕೆ ಹೋಗುವುದಿಲ್ಲ. ಆಗ ಒಂದು ಕಂಪನಿಯವರು ಅದೇ ಹೆಸರನ್ನು ಎರಡು ಸಲ ಹಾಕಿ ಅನ್ನುತ್ತಾರೆ, ಇನ್ನೊಂದು ಕಂಪನಿಯವರು ಬೇರೆ ಇನ್ನೇನೋ ಹೇಳುತ್ತಾರೆ. ನಾವು ಅಪ್ಪನ ಹೆಸರನ್ನು ಸರ್‌ನೇಮ್ ಆಗಿ ಇಟ್ಟುಕೊಂಡೆವು. ಮೊದಲು ಆಧಾರ್ ತಿದ್ದಿಸಿ, ಅದಕ್ಕೆ 50 ರೂಪಾಯಿ ಕಟ್ಟಿ, ಅದು ಅಪ್‌ಡೇಟ್ ಆದ ಮೇಲೆ ಬ್ಯಾಂಕಿನಲ್ಲೂ ಅದೇ ಹೆಸರು ಮಾಡಿಸಿ, ಆಮೇಲೆ ಪಾಸ್‌ಪೋರ್ಟಿಗೆ ಹಾಕಿದೆವು. ಈ ಕ್ರಮದಲ್ಲಿ ಹೋದರೆ ಮುಂದೆ ಎಲ್ಲಾ ಸಲೀಸು.

ಪಾಸ್‌ಪೋರ್ಟ್ ಕೆಲಸ ಅಂದುಕೊಂಡಷ್ಟು ಕಷ್ಟ ಇಲ್ಲ. ಶುಲ್ಕ 1500 ರೂಪಾಯಿ, ಅರವತ್ತು ದಾಟಿದವರು ಹೊಸದಾಗಿ ಮಾಡಿಸಿದರೆ ಶೇಕಡಾ 10 ಕಡಿಮೆ, ಅಂದರೆ 1350. ಜನನ ಪ್ರಮಾಣಪತ್ರ ಇಲ್ಲ ಅಂತ ಅಮ್ಮ ಹೆದರಿದ್ದರು. ಆ ಕಾಲದವರಿಗೆ ಅದು ಕಡ್ಡಾಯ ಅಲ್ಲ, ಆಧಾರ್, ಪ್ಯಾನ್ ಥರದ ದಾಖಲೆ ನಡೆಯುತ್ತದೆ. ಪಕ್ಕದ ಮನೆಯವರು ಇನ್ನೊಂದು ಹೆದರಿಕೆ ಹಾಕಿದ್ದರು: ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ ಅಂದರೆ ಇಸಿಆರ್ ಪಾಸ್‌ಪೋರ್ಟ್ ಬರುತ್ತೆ, ಗಲ್ಫ್‌ಗೆ ಬಿಡೋದೇ ಇಲ್ಲ ಅಂತ. ಇದು ಅರ್ಧ ಸತ್ಯ. ಬಹರೈನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಅಂತ ಹೋಗುವವರಿಗೆ, ಹತ್ತನೇ ಕ್ಲಾಸ್ ಪಾಸಾಗಿಲ್ಲದಿದ್ದರೆ, ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ಅನುಮತಿ, ಬೇಕು. ಇಸಿಆರ್ ಅಂದರೆ ಅದೇ. ಐವತ್ತು ವರ್ಷ ದಾಟಿದವರಿಗೆ ಈ ನಿಯಮವೇ ಇಲ್ಲ. ಅಮ್ಮ ಓದಿದ್ದು ಏಳನೇ ಕ್ಲಾಸಿನವರೆಗೆ, ಆದರೂ ಯಾವ ತೊಂದರೆಯೂ ಆಗಲಿಲ್ಲ. ಒಂದು ವಿಷಯ ಮಾತ್ರ ಗಮನಿಸಿ. ಪೊಲೀಸ್ ವೆರಿಫಿಕೇಶನ್‌ಗೆ ಬರುವಾಗ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲೇ ಇರಬೇಕು. ಅಮ್ಮ ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲಿದ್ದರು, ಫೋನ್ ಬಂದ ತಕ್ಷಣ ಬಸ್ ಹತ್ತಿಸಿದೆ.

ಇನ್ನು ವೀಸಾ. ಬಹರೈನ್‌ಗೆ ಇ-ವೀಸಾ ಇದೆ, ಮನೆಯಲ್ಲೇ ಕೂತು ಹಾಕಬಹುದು, ಏಜೆಂಟ್ ಬೇಡ. ಸರ್ಕಾರದ ಸೈಟ್ ಹೆಸರು ಗವ್ ಡಾಟ್ ಬಿಎಚ್ ಅಂತ ಮುಗಿಯುತ್ತದೆ. ಗೂಗಲ್‌ನಲ್ಲಿ ಹುಡುಕಿದರೆ ಅದನ್ನೇ ಹೋಲುವ ಖಾಸಗಿ ಸೈಟುಗಳು ಮೇಲೆ ಬರುತ್ತವೆ, ಅವರು ದುಪ್ಪಟ್ಟು ತೆಗೆದುಕೊಳ್ಳುತ್ತಾರೆ. ಅರ್ಜಿ ಶುಲ್ಕ 4 ದಿನಾರ್. ಇದು ವೀಸಾ ಸಿಗಲಿ ಬಿಡಲಿ ವಾಪಸ್ ಬರುವುದಿಲ್ಲ. ವೀಸಾ ಮಂಜೂರಾದ ಮೇಲೆ ಉಳಿದದ್ದು ಕಟ್ಟಬೇಕು. ದಿನಾರ್ ಅಂದರೆ ಸಣ್ಣ ದುಡ್ಡಲ್ಲ. ಒಂದು ಡಾಲರ್‌ಗೆ 0.376 ದಿನಾರ್ ಅಂತ ಕಟ್ಟಿಹಾಕಿದ್ದಾರೆ, ನಾವು ಕಟ್ಟಿದಾಗ ಒಂದು ದಿನಾರ್ 230 ರೂಪಾಯಿಯ ಆಸುಪಾಸಿನಲ್ಲಿತ್ತು. ಎರಡು ವಾರದ ವೀಸಾ ಅಗ್ಗ, ಆದರೆ ನಮಗೆ ಸಾಲದು. ಮೂರು ತಿಂಗಳ ಅವಧಿಯ ಮಲ್ಟಿಪಲ್ ಎಂಟ್ರಿ ತೆಗೆದುಕೊಂಡೆವು. ಹೆಸರು ಮೂರು ತಿಂಗಳು ಅಂತ ಇದ್ದರೂ ಒಂದು ಸಲ ಹೋದರೆ ಇರಬಹುದಾದದ್ದು ಒಂದೇ ತಿಂಗಳು. ಇದನ್ನು ಸರಿಯಾಗಿ ಓದಿಕೊಳ್ಳದೆ ಮೂರು ತಿಂಗಳು ಬಿಟ್ಟು ವಾಪಸ್ ಟಿಕೆಟ್ ಮಾಡಿಸಿದವರ ಕಥೆ ತಂಗಿ ಹೇಳಿದಳು. ಹೆಚ್ಚಿಗೆ ಇದ್ದ ದಿನಗಳಿಗೆ ದಂಡ ಬೀಳುತ್ತದೆ.

ಅರ್ಜಿಗೆ ಬೇಕಾದದ್ದು ಪಾಸ್‌ಪೋರ್ಟಿನ ಕಲರ್ ಸ್ಕ್ಯಾನ್, ಹೋಗಿ ಬರುವ ಟಿಕೆಟ್, ಉಳಿಯುವ ಜಾಗದ ದಾಖಲೆ ಮತ್ತು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಹೋಟೆಲ್ ಆದರೆ ಬುಕಿಂಗ್ ಕೊಡಬೇಕು. ಮಕ್ಕಳ ಮನೆ ಆದರೆ ಅವರ ಸಿಪಿಆರ್ ಕಾರ್ಡಿನ ರೀಡರ್ ಪ್ರಿಂಟ್. ಸಿಪಿಆರ್ ಅಂದರೆ ಅಲ್ಲಿಯ ಆಧಾರ್ ಇದ್ದಂತೆ. ಕಾರ್ಡಿನ ಎರಡು ಬದಿಯ ಫೋಟೋ ಸಾಲದು, ಅದರ ಚಿಪ್‌ನಲ್ಲಿರುವ ವಿಳಾಸದ ವಿವರ ಪ್ರಿಂಟ್ ಆಗಿರಬೇಕು. ತಂಗಿಗೂ ಇದು ಹೊಸದು, ಹಸುಗೂಸು ಕೈಲಿಟ್ಟುಕೊಂಡು ಅವಳು ಓಡಾಡುವುದು ಬೇಡ ಅಂತ ಭಾವನೇ ಮಾಡಿಸಿ ಕಳಿಸಿದರು.

ಬ್ಯಾಂಕ್ ಸ್ಟೇಟ್‌ಮೆಂಟಿನ ವಿಷಯ ಒಂದು ಮಾತು. ಖಾತೆಯಲ್ಲಿ ಕಡಿಮೆ ಅಂದರೂ 1000 ಡಾಲರ್‌ನಷ್ಟು ಇರಬೇಕು, ಅಂದರೆ ಆಗಿನ ಲೆಕ್ಕಕ್ಕೆ 86 ಸಾವಿರ ರೂಪಾಯಿ. ನಮ್ಮ ಅಮ್ಮಂದಿರ ದುಡ್ಡು ಎಲ್ಲಿರುತ್ತೆ ಹೇಳಿ? ಎಫ್‌ಡಿಯಲ್ಲಿ, ಸೊಸೈಟಿಯಲ್ಲಿ, ಅಕ್ಕಿ ಡಬ್ಬದಲ್ಲಿ. ಉಳಿತಾಯ ಖಾತೆಯಲ್ಲಿ ಕೊಬ್ಬರಿ ಮಾರಿದಾಗ ಬಂದದ್ದು, ಖರ್ಚಿಗೆ ತೆಗೆದದ್ದು, ಅಷ್ಟೇ. ನಾವು ಫೆಬ್ರವರಿಯಲ್ಲೇ ಒಂದು ಎಫ್‌ಡಿ ಮುರಿದು ಉಳಿತಾಯ ಖಾತೆಗೆ ಹಾಕಿ ಅಲ್ಲೇ ಬಿಟ್ಟೆವು. ಅರ್ಜಿ ಹಾಕುವ ಹಿಂದಿನ ದಿನ ಒಮ್ಮೆಲೇ ದುಡ್ಡು ತುಂಬಿಸುವುದಕ್ಕಿಂತ ಇದು ಒಳ್ಳೆಯದು.

ಎಲ್ಲರೂ ಕೇಳುವ ಪ್ರಶ್ನೆ, ಟಿಕೆಟ್ ಮೊದಲಾ ವೀಸಾ ಮೊದಲಾ? ವೀಸಾ ಅರ್ಜಿಗೆ ಟಿಕೆಟ್ ಬೇಕು, ವೀಸಾ ಸಿಗದಿದ್ದರೆ ಟಿಕೆಟ್ ದುಡ್ಡು ಹೋಗುತ್ತೆ. ನನ್ನ ಉತ್ತರ ಒಂದೇ, ಸ್ವಲ್ಪ ಜಾಸ್ತಿ ಆದರೂ ದಿನ ಬದಲಾಯಿಸುವ, ದುಡ್ಡು ವಾಪಸ್ ಪಡೆಯುವ ಸೌಲಭ್ಯ ಇರುವ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಅದೂ ಏಜೆಂಟ್ ಆ್ಯಪ್‌ನಲ್ಲಿ ಬೇಡ, ವಿಮಾನ ಕಂಪನಿಯ ಸೈಟಿನಲ್ಲೇ ಮಾಡಿ. ನಮಗೆ ಹೋಗಿ ಬರಲು ಮೂವತ್ತು ಸಾವಿರದ ಮೇಲೆ ಆಯಿತು. ಮಸ್ಕತ್ ಮೇಲೆ, ಶಾರ್ಜಾ ಮೇಲೆ ಹೋಗುವ ಅಗ್ಗದ ಟಿಕೆಟ್ ಇದ್ದವು. ಆದರೆ ಮೊದಲ ಸಲ ಒಬ್ಬರೇ ಹೋಗುವವರನ್ನು ನಡುವೆ ಇಳಿಸಿ ಹತ್ತಿಸುವುದು ಬೇಡ ಅಂತ ಬೆಂಗಳೂರಿನಿಂದ ನೇರ ವಿಮಾನವನ್ನೇ ಮಾಡಿದೆ. ಸುಮಾರು ನಾಲ್ಕೂವರೆ ಗಂಟೆಯ ಪ್ರಯಾಣ. ದರದ ವಿಷಯದಲ್ಲಿ ನಮಗೆ ಒಂದು ಅನುಕೂಲ ಇತ್ತು. ಜೂನ್ ಕೊನೆಗೆ ಗಲ್ಫ್‌ನಲ್ಲಿ ಶಾಲೆಗಳಿಗೆ ರಜೆ ಶುರುವಾಗಿ ಎಲ್ಲರೂ ಊರಿಗೆ ಬರುವವರೇ, ಇಲ್ಲಿಂದ ಹೋಗುವವರು ಕಡಿಮೆ. ಆಗಸ್ಟ್ ಕೊನೆಗೆ ಇದು ತಿರುಗುಮುರುಗಾಗುತ್ತದೆ. ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದವರು ಇದನ್ನು ನೋಡಿಕೊಂಡು ಮಾಡಿ.

ಜೂನ್ ಮೊದಲ ವಾರದಲ್ಲಿ ಅರ್ಜಿ ಹಾಕಿದೆ. ಮೂರರಿಂದ ಐದು ಕೆಲಸದ ದಿನ ಅಂದಿದ್ದರು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅದರ ಜೊತೆ 6ನೇ ತಾರೀಖು ಬಕ್ರೀದ್, ಅದರ ಹಿಂದೆ ಮುಂದೆ ರಜೆ. ದಿನಾ ಬೆಳಗ್ಗೆ ಎದ್ದು ಸ್ಟೇಟಸ್ ನೋಡುವುದು, ಅದೇ ಸಾಲು ಕಾಣುವುದು. ಅಮ್ಮ ಏನೂ ಕೇಳುತ್ತಿರಲಿಲ್ಲ, ಆದರೆ ನಾನು ಫೋನ್ ಕೈಗೆತ್ತಿಕೊಂಡರೆ ಸಾಕು, ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ರಜೆ ಮುಗಿದ ವಾರ ವೀಸಾ ಬಂತು. ಬಂದ ತಕ್ಷಣ ಪಾಸ್‌ಪೋರ್ಟ್ ನಂಬರ್ ಅಂಕಿ ಅಂಕಿ ಹೋಲಿಸಿ ನೋಡಿ. ಯಾವ ದಿನದೊಳಗೆ ಒಳಗೆ ಹೋಗಬೇಕು ಅನ್ನುವುದೂ ಅದರಲ್ಲಿ ಇರುತ್ತದೆ. ಆ ದಿನಕ್ಕೂ ಟಿಕೆಟ್ ದಿನಕ್ಕೂ ಮಧ್ಯೆ ಅಂತರ ಇರಲಿ. ಇದು ಎಷ್ಟು ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

ಈಗ ಸೂಟ್‌ಕೇಸ್. ಮಗಳ ಮನೆಗೆ ಮೊದಲ ಸಲ ಹೋಗುವ ತಾಯಿ, ಮಡಿಲು ತುಂಬಬೇಕು, ಅದೂ ತಿಪಟೂರಿನವರು. ಕೊಬ್ಬರಿ ಇಲ್ಲದೆ ಹೇಗೆ? ಆದರೆ ವಿಮಾನದಲ್ಲಿ ಇಡೀ ಕೊಬ್ಬರಿ ಒಯ್ಯುವಂತಿಲ್ಲ. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತು ಅಂತ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಅನ್ನುವ ನಂಬರೇ ಇದೆ. ಅಮ್ಮನಿಗೆ ಇದನ್ನು ನಂಬಿಸುವುದು ಕಷ್ಟವಾಯಿತು, ನಮ್ಮ ಅಟ್ಟದಲ್ಲಿ ವರ್ಷಾನುಗಟ್ಟಲೆ ಇರುತ್ತೆ, ಒಂದು ದಿನ ಹೊತ್ತಿಕೊಂಡಿದ್ದು ನೋಡಿಲ್ಲ ಅಂದರು. ಕೊನೆಗೆ ಮಡಿಲಕ್ಕಿಗೆ ಕೊಬ್ಬರಿಯನ್ನು ಬಹರೈನ್‌ನ ಅಂಗಡಿಯಲ್ಲೇ ತೆಗೆದುಕೊಳ್ಳುವುದು ಅಂತ ಆಯಿತು. ಅಕ್ಕಿ, ಬೆಲ್ಲ, ಬಳೆ, ಅರಿಶಿನ ಕುಂಕುಮ ಇಲ್ಲಿಂದ ಹೋದವು.

ಇದಕ್ಕಿಂತ ದೊಡ್ಡ ವಿಷಯ ಗಸಗಸೆ. ಗಲ್ಫ್‌ಗೆ ಹೋಗುವವರು ಇದನ್ನು ಮನೆಮಂದಿಗೆಲ್ಲ ಹೇಳಿ. ಎಮಿರೇಟ್ಸ್, ಸೌದಿ, ಕತಾರ್‌ನಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ. ಆ ಭಾಗದ ಯಾವ ದೇಶಕ್ಕೂ ಅದನ್ನು ಒಯ್ಯುವ ಗೋಜಿಗೇ ಹೋಗಬಾರದು. ಗಸಗಸೆ ಪೊಟ್ಟಣ ಯಾರೂ ಇಡುವುದಿಲ್ಲ, ನಿಜ. ಆದರೆ ಬಾಣಂತಿಗೆ ಅಂತ ನಮ್ಮ ಚಿಕ್ಕಮ್ಮ ಅಂಟಿನುಂಡೆ ಮಾಡಿ ಡಬ್ಬಿ ಕಳಿಸಿದ್ದರು. ನಾನು ಒಂದು ಉಂಡೆ ಒಡೆದು ನೋಡಿದೆ. ಒಣಕೊಬ್ಬರಿ ತುರಿ, ಖರ್ಜೂರ, ಗೋಡಂಬಿ, ಅವುಗಳ ಮಧ್ಯೆ ತುಪ್ಪದಲ್ಲಿ ಹುರಿದ ಗಸಗಸೆ ಸಣ್ಣ ಸಣ್ಣ ಬಿಳಿ ಕಾಳಾಗಿ ಬೆರಳಿಗೆ ಅಂಟಿಕೊಂಡಿತು. ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದಾಗ ಪಾಪ ಗಾಬರಿಯಾದರು, ಎರಡೇ ದಿನದಲ್ಲಿ ಗಸಗಸೆ ಇಲ್ಲದ ಉಂಡೆ ಮಾಡಿಕೊಟ್ಟರು. ಸಾಂಬಾರ್ ಪುಡಿ, ಗರಂ ಮಸಾಲೆ, ಸಾಗು ಪುಡಿ ಎಲ್ಲವನ್ನೂ ಹೀಗೇ ವಿಚಾರಿಸಿ. ಬೇರೆಯವರ ಪಾರ್ಸೆಲ್ ಅಂತೂ ಬಿಚ್ಚಿ ನೋಡದೆ ಮುಟ್ಟಬೇಡಿ. 2019ರಲ್ಲಿ ಮುಂಬೈನ ಗಂಡ ಹೆಂಡತಿ, ಸಂಬಂಧಿಕರು ಕೊಟ್ಟ ಪೊಟ್ಟಣದಲ್ಲಿ ಚರಸ್ ಸಿಕ್ಕಿ ದೋಹಾದಲ್ಲಿ ಜೈಲು ಸೇರಿದ್ದರು. ನಿರಪರಾಧಿಗಳು ಅಂತ ಆಗಿ ಹೊರಬರುವಷ್ಟರಲ್ಲಿ 2021 ಬಂದಿತ್ತು. ಆಕೆ ಆಗ ಗರ್ಭಿಣಿ, ಮಗು ಹುಟ್ಟಿದ್ದೂ ಅಲ್ಲೇ. ಇದನ್ನು ಓದಿದ ಮೇಲೆ ನಾನು ಯಾರ ದಾಕ್ಷಿಣ್ಯಕ್ಕೂ ಬೀಳಲಿಲ್ಲ.

ಮಾತ್ರೆಗಳೂ ಅಷ್ಟೇ. ಅಮ್ಮನ ಮಂಡಿನೋವಿನ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಇತ್ತು. ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಔಷಧಿ, ಕೆಲವು ನಿದ್ದೆ ಮಾತ್ರೆ, ಇವೆಲ್ಲ ಅಲ್ಲಿ ಕಟ್ಟುನಿಟ್ಟಿನ ಹತೋಟಿಯಲ್ಲಿರುವ ಔಷಧಿಗಳು. ಡಾಕ್ಟರ್‌ಗೆ ವಿಷಯ ಹೇಳಿದೆ, ಬೇರೆ ಮಾತ್ರೆ ಬರೆದುಕೊಟ್ಟರು. ಬಿಪಿ, ಶುಗರ್ ಮಾತ್ರೆಗಳನ್ನು ಸ್ಟ್ರಿಪ್ ಸಮೇತ, ಔಷಧಿಯ ಮೂಲ ಹೆಸರು ಬರೆಸಿದ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟೆವು. ದಿನದ ಲೆಕ್ಕಕ್ಕೆ ಡಬ್ಬಿಗೆ ಸುರಿದು ಒಯ್ಯುವ ಅಭ್ಯಾಸ ಇದ್ದರೆ ಈ ಪ್ರಯಾಣಕ್ಕೆ ಬಿಡಿ.

ಇಷ್ಟೆಲ್ಲ ಆಗಿ ಹೊರಡುವ ದಿನ ಬಂತು. ಟಿಕೆಟ್ ಇದ್ದದ್ದು ಜೂನ್ 24ರ ಬೆಳಗಿನ ಜಾವಕ್ಕೆ. ಇಸ್ರೇಲ್, ಇರಾನ್ ಯುದ್ಧ 13ರಿಂದಲೇ ನಡೆಯುತ್ತಿತ್ತು, ಆದರೆ ಬಹರೈನ್ ವಿಮಾನಗಳು ಹಾರುತ್ತಿದ್ದವು. 23ರ ರಾತ್ರಿ ತಿಪಟೂರಿನಿಂದ ಕಾರಿನಲ್ಲಿ ಹೊರಟು ತುಮಕೂರು ದಾಟಿದ್ದೆವು, ಹತ್ತೂವರೆ ಇರಬಹುದು, ತಂಗಿಯ ಫೋನ್. ಕತಾರ್‌ನಲ್ಲಿರುವ ಅಮೆರಿಕದ ಅಲ್ ಉದೈದ್ ವಾಯುನೆಲೆ ಮೇಲೆ ಇರಾನ್ ಕ್ಷಿಪಣಿ ಬಿಟ್ಟಿದೆ, ಬಹರೈನ್ ಕೂಡ ವಿಮಾನಗಳಿಗೆ ಆಕಾಶ ಮುಚ್ಚಿದೆ, ಹೊರಡಬೇಡಿ ಅಂದಳು. ಹಿಂದಿನಿಂದ ಮಗು ಅಳುವ ಸದ್ದು. ಬಹರೈನ್‌ನಲ್ಲೂ ಅಮೆರಿಕದ ನೌಕಾನೆಲೆ ಇದೆ, ಅದು ನನಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಅಮ್ಮ ಕೇಳಿದ್ದು ಒಂದೇ ಮಾತು, "ಅವಳು ಆ ಕೂಸನ್ನು ಕಟ್ಟಿಕೊಂಡು ಅಲ್ಲಿ ಒಬ್ಬಳೇ ಇದ್ದಾಳಾ?" ಅತ್ತೆ, ಗಂಡ ಇಬ್ಬರೂ ಇದ್ದಾರೆ ಅಂತ ಎಷ್ಟು ಹೇಳಿದರೂ ಸಮಾಧಾನ ಆಗಲಿಲ್ಲ.

ಕೆಲವೇ ಗಂಟೆಯಲ್ಲಿ ಆಕಾಶ ಮತ್ತೆ ತೆರೆಯಿತು. ಆದರೆ ಅಷ್ಟು ಹೊತ್ತಿಗೆ ಆ ಭಾಗದ ವಿಮಾನಗಳೆಲ್ಲ ಎಲ್ಲೆಲ್ಲೋ ಇಳಿದು ವೇಳಾಪಟ್ಟಿ ಚೆಲ್ಲಾಪಿಲ್ಲಿ ಆಗಿತ್ತು. ನಮ್ಮ ವಿಮಾನ ರದ್ದು ಅಂತ ಮೆಸೇಜ್ ಬಂತು. ಬೆಂಗಳೂರಿನ ಮನೆಗೆ ಬಂದು ಕೂತೆವು. ಕಂಪನಿಯ ಫೋನಿಗೆ ಕಾದೂ ಕಾದೂ ಸಾಕಾಯಿತು. ಕೊನೆಗೆ ಕೆಲಸ ಆದದ್ದು ಅವರ ಸೈಟಿನಲ್ಲೇ, ಬುಕಿಂಗ್ ತೆರೆದು ದಿನ ಬದಲಾಯಿಸುವ ಕಡೆ. ಜಾಸ್ತಿ ದುಡ್ಡಿಲ್ಲದೆ 28ಕ್ಕೆ ಸೀಟು ಸಿಕ್ಕಿತು. ಅದೇ ವಿಮಾನಕ್ಕೆ ಏಜೆಂಟ್ ಮೂಲಕ ಟಿಕೆಟ್ ಮಾಡಿಸಿದ್ದ ಪರಿಚಯದವರೊಬ್ಬರಿಗೆ ಕಂಪನಿಯವರು ಏಜೆಂಟ್‌ನ ಕೇಳಿ ಅಂದರು, ಏಜೆಂಟ್ ಕಂಪನಿಯ ಕೇಳಿ ಅಂದ. ಇಂಥ ಸಂದರ್ಭದಲ್ಲಿ ಪರಿಹಾರ ಸಿಗುವುದಿಲ್ಲ. ಟಿಕೆಟ್ ದುಡ್ಡು ಅಥವಾ ಬೇರೆ ವಿಮಾನ, ಇವೆರಡರಲ್ಲಿ ಒಂದನ್ನು ಕೇಳಿ ಪಡೆಯಬೇಕು. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೆ, ತೆಗೆದು ಓದಿದರೆ ಯುದ್ಧದಿಂದಾದ ನಷ್ಟಕ್ಕೆ ಅನ್ವಯಿಸದು ಅಂತ ಇತ್ತು. ಬಹಳ ಪಾಲಿಸಿಗಳಲ್ಲಿ ಹೀಗೇ ಇರುತ್ತದೆ. ಆದರೂ ಆಸ್ಪತ್ರೆ ಖರ್ಚಿಗಾಗಿ ವಯಸ್ಸಾದವರಿಗೆ ಮಾಡಿಸಿಯೇ ಕಳಿಸಿ.

ಕಳಿಸಬೇಕಾ ಬೇಡವಾ ಅಂತ ಆ ನಾಲ್ಕು ದಿನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕದನವಿರಾಮ ಘೋಷಣೆ ಆಗಿತ್ತು. ಅತ್ತೆಯವರ ಟಿಕೆಟ್ 30ಕ್ಕೆ ಇತ್ತು. ಅಮ್ಮ ಮಾತ್ರ ಒಂದು ಸಲವೂ ಹೋಗಲ್ಲ ಅನ್ನಲಿಲ್ಲ.

28ರಂದು ಏರ್‌ಪೋರ್ಟ್. ಬೆಂಗಳೂರಿನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಈಗ ಟರ್ಮಿನಲ್ 2ರಿಂದಲೇ. ವೀಲ್‌ಚೇರ್ ಬೇಕು ಅಂತ ಬುಕಿಂಗ್‌ನಲ್ಲೇ ಹಾಕಿದ್ದೆ, ಅದಕ್ಕೆ ದುಡ್ಡಿಲ್ಲ. ಅಮ್ಮನಿಗೆ ನಡೆಯಲು ಆಗುತ್ತೆ, ಆದರೂ ಕೇಳಿ. ಒಬ್ಬರೇ ಹೋಗುವ ಹಿರಿಯರಿಗೆ ಅದು ಬರೀ ಕುರ್ಚಿ ಅಲ್ಲ. ಚೆಕ್-ಇನ್, ಇಮಿಗ್ರೇಷನ್, ಸೆಕ್ಯುರಿಟಿ, ಗೇಟ್ ಎಲ್ಲಾ ಕಡೆ ಜೊತೆಗೆ ಒಬ್ಬರು ಇರುತ್ತಾರೆ. ನಮಗೆ ಬಂದ ಹುಡುಗ ಹಾಸನದ ಕಡೆಯವನು, ಅಮ್ಮ ಗೇಟ್ ತಲುಪುವಷ್ಟರಲ್ಲಿ ಅವನ ಮನೆಯವರ ವಿಷಯ ಎಲ್ಲಾ ಕೇಳಿ ತಿಳಿದುಕೊಂಡಿದ್ದರು.

ಒಂದು ಹಾಳೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಮ್ಮನ ಕೈಯಲ್ಲಿ ಕೊಟ್ಟಿದ್ದೆ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ದೊಡ್ಡ ಅಕ್ಷರ. ಮಗಳ ಮನೆಗೆ ಒಂದು ತಿಂಗಳಿಗೆ ಹೋಗುತ್ತಿದ್ದೇನೆ, ವಾಪಸ್ ಟಿಕೆಟ್ ಈ ದಿನ, ಮಗಳ ವಿಳಾಸ ಮತ್ತು ಎರಡು ಫೋನ್ ನಂಬರ್, ನನಗಿರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ನನಗೆ ಕನ್ನಡ ಮಾತ್ರ ಬರುತ್ತದೆ. ಬೆಂಗಳೂರಿನ ಇಮಿಗ್ರೇಷನ್‌ನಲ್ಲಿ ಕನ್ನಡದಲ್ಲೇ ಕೇಳಿದರಂತೆ. ಬಹರೈನ್‌ನ ಏರ್‌ಪೋರ್ಟ್ ಇರುವ ಮುಹರ್ರಕ್‌ನಲ್ಲಿ ಇಳಿದ ಮೇಲೆ ಕೌಂಟರಿನಲ್ಲಿ ಅಮ್ಮ ಆ ಹಾಳೆ, ವೀಸಾ ಪ್ರಿಂಟ್, ಪಾಸ್‌ಪೋರ್ಟ್ ಮೂರನ್ನೂ ಒಟ್ಟಿಗೆ ಮುಂದಿಟ್ಟರು. ಅವರು ಓದಿ, ಫೋಟೋ, ಬೆರಳಚ್ಚು ತೆಗೆದುಕೊಂಡು ಕಳಿಸಿದರು. ವೀಸಾ ಫೋನಿನಲ್ಲಿ ಇದೆ ಅಂತ ಬಿಡಬೇಡಿ, ಪ್ರಿಂಟ್ ಎರಡು ಪ್ರತಿ ಇರಲಿ.

ಬಹರೈನ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಪ್ಲಗ್ ಚೌಕ ಪಿನ್ನಿನದು, ಚಾರ್ಜರ್‌ಗೆ ಅಡಾಪ್ಟರ್ ಬೇಕು. ಜುಲೈ ಬಿಸಿಲು ನಮ್ಮ ಊಹೆಗೆ ಮೀರಿದ್ದು, ಸಂಜೆ ಕತ್ತಲಾದ ಮೇಲೆಯೇ ಹೊರಗೆ. ಮನಾಮಾದ ಹಳೆಯ ಶ್ರೀನಾಥಜೀ ದೇವಸ್ಥಾನಕ್ಕೆ ಅಮ್ಮ ಹೋಗಿ ಬಂದರು, ಸಿಂಧ್ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿಸಿದ್ದು, ಇನ್ನೂರು ವರ್ಷದ್ದು. ಗಲ್ಫ್‌ನಲ್ಲಿ ಇಷ್ಟು ಹಳೆಯ ದೇವಸ್ಥಾನ ಇರಬಹುದು ಅಂತ ಅವರು ಅಂದುಕೊಂಡಿರಲಿಲ್ಲ. ಕೊಬ್ಬರಿ ಅಲ್ಲಿಯ ಅಂಗಡಿಯಲ್ಲಿ ಸಿಕ್ಕಿತು, ಮಡಿಲು ತುಂಬಿದರು.

ವಾಪಸ್ ಬರುವ ಮೊದಲು ಚಿನ್ನದ ಮಾತು ಎದ್ದಿತು. ತಂಗಿ ಅಮ್ಮನಿಗೆ ಒಂದು ಸರ ತೆಗೆದುಕೊಡಬೇಕು ಅಂತ ಹಟ ಹಿಡಿದಳು. ಗಲ್ಫ್‌ನಿಂದ ಹೆಂಗಸರು 40 ಗ್ರಾಂ ಚಿನ್ನ ತರಬಹುದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಬರುವವರಿಗೆ. ತಿಂಗಳು ಇದ್ದು ಬರುವ ಅಮ್ಮನಿಗೆ ಆ ವಿನಾಯಿತಿ ಇಲ್ಲ. ತಂದರೆ ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನ ರೆಡ್ ಚಾನೆಲ್‌ನಲ್ಲಿ ಹೇಳಿ ಸುಂಕ ಕಟ್ಟಬೇಕು. ತಂಗಿ ಮುಂದಿನ ಸಲ ಊರಿಗೆ ಬರುವಾಗ ತಾನೇ ತರುತ್ತಾಳೆ ಅಂತ ಒಪ್ಪಿಸಿದೆ. ಅಮ್ಮ ಇಲ್ಲಿಂದ ಹಾಕಿಕೊಂಡು ಹೋದ ಮಾಂಗಲ್ಯ ಸರ, ಬಳೆ ಅವರ ಹಳೆಯವೇ. ಆದರೂ ಹೋಗುವ ಮೊದಲು ಫೋಟೋ ತೆಗೆದು, ಅಂಗಡಿಯ ಹಳೆಯ ಬಿಲ್ ಹುಡುಕಿ ಇಟ್ಟಿದ್ದೆವು. ಜಾಸ್ತಿ ಒಡವೆ ಇದ್ದರೆ ಹೊರಡುವಾಗಲೇ ಕಸ್ಟಮ್ಸ್‌ನವರಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬಹುದು. ವಾಪಸ್ ಬರುವಾಗ ಅಮ್ಮನ ಸೂಟ್‌ಕೇಸಿನಲ್ಲಿದ್ದದ್ದು ಖರ್ಜೂರ, ಬಾದಾಮಿ ಮತ್ತು ಮಗುವಿಗೆ ಚಿಕ್ಕದಾದ ಅಂಗಿಗಳು. ಗ್ರೀನ್ ಚಾನೆಲ್‌ನಲ್ಲಿ ಯಾರೂ ತಡೆಯಲಿಲ್ಲ.

ಅಮ್ಮನ ಕೈಗೆ ಕೊಟ್ಟಿದ್ದ ಆ ಹಾಳೆ ಯಾವ ಥರ ಮಾಡಿದ್ದು ಅಂತ ಬೇಕಾದವರು ಕೇಳಿ, ಕಳಿಸುತ್ತೇನೆ. ಮಂಗಳೂರಿನಿಂದ ಹೋದವರು ಇದ್ದರೆ ಅಲ್ಲಿಯ ಅನುಭವ ಬರೆಯಿರಿ, ಕರಾವಳಿ ಕಡೆಯವರಿಗೆ ಬೆಂಗಳೂರಿಗೆ ಬರುವ ಅಗತ್ಯವೇ ಇರುವುದಿಲ್ಲ.